ಸಿಡಿಲಿಗೂ ಸಿಗದ ಹಾಗೆ ಫೈಲು ಉಳಿಸುವುದು ಹೇಗೆ? ಗಡಿನಾಡಿನ ಮನೆಗಳಿಗೊಂದು ಬ್ಯಾಕಪ್ ಮಾರ್ಗದರ್ಶಿ

ಏಪ್ರಿಲ್ ಕೊನೆಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಸಂಜೆ ಹೊತ್ತಿಗೆ ಮೋಡ ಕಟ್ಟಿತೆಂದರೆ ಮನೆಯಲ್ಲಿ ಯಾರಾದರೊಬ್ಬರು ಕೂಗಿ ಹೇಳುತ್ತಾರೆ, ಪ್ಲಗ್ ತೆಗೀರಿ ಅಂತ. ಟಿವಿ, ಫ್ರಿಜ್ಜು, ಮೋಡೆಮ್ ಎಲ್ಲದರ ಪ್ಲಗ್ಗೂ ಹೊರಗೆ ಬರುತ್ತದೆ. ಅಕ್ಟೋಬರ್-ನವೆಂಬರಿನ ತುಲಾ ಮಳೆಗೂ ಇದೇ ಕಥೆ. ಗುಡ್ಡ ಇಳಿದು, ತೋಟದ ನಡುವೆ ಹಾದು ಬರುವ ಕರೆಂಟು ಲೈನಿಗೆ ಸಿಡಿಲಿನ ಪೆಟ್ಟು ತಾಗುವುದು ನಮ್ಮಲ್ಲಿ ಅಪರೂಪದ ಸಂಗತಿ ಅಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಗುಡುಗಿದರೆ ಪ್ಲಗ್ ತೆಗೆಯುವವರೂ ಇಲ್ಲ.

ಸುಟ್ಟ ಕಂಪ್ಯೂಟರಿಗೆ ಬದಲು ಇನ್ನೊಂದು ಮಂಗಳೂರಿನಲ್ಲಿ ಅದೇ ದಿನ ಸಿಗುತ್ತದೆ. ಅದರೊಳಗಿದ್ದ ಅಜ್ಜನ ತಾಳಮದ್ದಳೆಯ ರೆಕಾರ್ಡಿಂಗು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗಡಿನಾಡಿನವರಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿಯ ಕನ್ನಡ ಶಾಲೆಯ ಸ್ಮರಣ ಸಂಚಿಕೆ, ಊರಿನ ಯಕ್ಷಗಾನ ಸಂಘದ ಫೋಟೋ, ಭಜನಾ ಮಂದಿರದ ಲೆಕ್ಕ, ತರವಾಡು ಮನೆಯ ವಂಶವೃಕ್ಷ, ಇವೆಲ್ಲ ದೊಡ್ಡ ಗ್ರಂಥಾಲಯಕ್ಕೆ ಹೋಗುವುದು ಕಡಿಮೆ. ಎಷ್ಟೋ ಸಲ ಯಾರದೋ ಒಂದು ಮನೆಯ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತವೆ. ಆ ಕಂಪ್ಯೂಟರ್ ಹೋದರೆ ಇಡೀ ಊರಿನ ಪಾಲಿಗೆ ಅದು ಹೋದಂತೆಯೇ.

ಅದಕ್ಕೇ ಬ್ಯಾಕಪ್ ಬೇಕು, ಅಂದರೆ ಫೈಲಿನ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು. ಕೆಲಸ ಕಷ್ಟದ್ದಲ್ಲ. ಒಂದು ಭಾನುವಾರ ಕೂತರೆ ಮುಕ್ಕಾಲು ಭಾಗ ಮುಗಿಯುತ್ತದೆ.

ಮೊದಲು ಒಂದು ಪಟ್ಟಿ

ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. "ಇದು ಹೋದರೆ ಮತ್ತೆ ಎಲ್ಲಾದರೂ ಸಿಗುತ್ತದಾ?" ಎಂಬ ಒಂದೇ ಪ್ರಶ್ನೆ ಕೇಳಿಕೊಂಡು ಬರೆಯಿರಿ.

ಸಿನಿಮಾ, ಸಾಫ್ಟ್‌ವೇರ್, ಡೌನ್‌ಲೋಡ್ ಮಾಡಿದ ಪಠ್ಯಪುಸ್ತಕದ ಪಿಡಿಎಫ್ ಮತ್ತೆ ಸಿಗುತ್ತವೆ. ಬಿಟ್ಟುಬಿಡಿ. ಕೆಲವು ಸರ್ಟಿಫಿಕೇಟುಗಳು ಡಿಜಿಲಾಕರಿನಲ್ಲಿ ಇರುತ್ತವೆ. ಅವು ಎರಡನೇ ಸಾಲಿಗೆ. ಮನೆಯ ಫೋಟೋ-ವಿಡಿಯೋ, ನೀವೇ ಮಾಡಿದ ರೆಕಾರ್ಡಿಂಗು, ನೀವೇ ಬರೆದದ್ದು, ಸ್ಕ್ಯಾನ್ ಮಾಡಿದ ಜಾಗದ ರೆಕಾರ್ಡು, ತೋಟದ ಮತ್ತು ಅಡಿಕೆ ಮಾರಾಟದ ಲೆಕ್ಕ, ಮಕ್ಕಳ ಪ್ರಾಜೆಕ್ಟು, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಸದಸ್ಯರ ಪಟ್ಟಿ ಮೊದಲ ಸಾಲಿಗೆ. ಬ್ಯಾಕಪ್ಪಿಗೆ ಬೇಕಾದದ್ದು ಅದೇ ಸಾಲು.

ಈಗ ಇವು ಕಂಪ್ಯೂಟರಿನಲ್ಲಿ ಎಲ್ಲೆಲ್ಲಿವೆ ನೋಡಿ. ಡೆಸ್ಕ್‌ಟಾಪಿನಲ್ಲಿ ಅರ್ಧ, ಡೌನ್‌ಲೋಡ್ಸ್‌ನಲ್ಲಿ ಸ್ವಲ್ಪ, ಡಿ ಡ್ರೈವಿನಲ್ಲಿ "ನ್ಯೂ ಫೋಲ್ಡರ್" ಒಳಗೆ ಇನ್ನೊಂದು "ನ್ಯೂ ಫೋಲ್ಡರ್". ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ. ಒಂದು ದೊಡ್ಡ ಫೋಲ್ಡರ್ ಮಾಡಿ, ಅದಕ್ಕೆ "ಮನೆ" ಎಂದು ಹೆಸರಿಡಿ. ಒಳಗೆ ಫೋಟೋ, ಕಾಗದಪತ್ರ, ಲೆಕ್ಕ, ಧ್ವನಿ, ಬರಹ ಎಂದು ಐದಾರು ಫೋಲ್ಡರ್ ಸಾಕು. ಎಲ್ಲವನ್ನೂ ಅದರೊಳಗೆ ತಂದು ಹಾಕಿ. ಫೋಟೋಗಳನ್ನು ವರ್ಷದ ಪ್ರಕಾರ ಇಡಿ. ಹೆಸರಿನ ಮೊದಲಿಗೆ "2024-11-03" ಎಂಬ ಹಾಗೆ ವರ್ಷ, ತಿಂಗಳು, ದಿನ ಹಾಕಿದರೆ ತನ್ನಿಂದ ತಾನೇ ಸಾಲಾಗಿ ನಿಲ್ಲುತ್ತವೆ.

ನಂತರ ಆ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ "ಪ್ರಾಪರ್ಟೀಸ್" ನೋಡಿ. ಎಷ್ಟು ಜಿಬಿ ಎಂದು ಬರುತ್ತದೆ. ಫೋನಿನ ಫೋಟೋ ಒಂದಕ್ಕೆ 3ರಿಂದ 5 ಎಂಬಿ ಇರುವುದು ಸಾಮಾನ್ಯ. 128 ಕೆಬಿಪಿಎಸ್ ಎಂಪಿತ್ರೀಯಲ್ಲಿ ಧ್ವನಿ ಮುದ್ರಿಸಿದರೆ ಗಂಟೆಗೆ ಹತ್ತಿರ ಹತ್ತಿರ 58 ಎಂಬಿ. ಐದು ಗಂಟೆಯ ತಾಳಮದ್ದಳೆಗೆ 300 ಎಂಬಿಯೂ ಆಗುವುದಿಲ್ಲ. ಜಾಗ ತಿನ್ನುವುದು ವಿಡಿಯೋ. ಮದುವೆ, ಉಪನಯನದ ವಿಡಿಯೋ ಇದ್ದರೆ ನೂರಾರು ಜಿಬಿ ದಾಟಬಹುದು. ಮುಂದೆ ಯಾವ ಡಿಸ್ಕು, ಎಷ್ಟು ದೊಡ್ಡದು ಎಂದು ತೀರ್ಮಾನಿಸಲು ಈ ಸಂಖ್ಯೆ ಬೇಕು. ಹಾಳೆಯಲ್ಲಿ ಬರೆದಿಡಿ.

ಬ್ಯಾಕಪ್ ಎಂದುಕೊಂಡದ್ದು ಬ್ಯಾಕಪ್ ಅಲ್ಲದೆ ಇರಬಹುದು

ನಮ್ಮ ಕಡೆ ಬಹಳ ಜನ ನಂಬಿರುವುದು ಡಿ ಡ್ರೈವನ್ನು. "ಸಿಯಲ್ಲಿರುವುದನ್ನು ಡಿಗೆ ಕಾಪಿ ಮಾಡಿದ್ದೇನೆ, ಸೇಫ್" ಎನ್ನುತ್ತಾರೆ. ಅಂಗಡಿಯವರು ಸಾಮಾನ್ಯವಾಗಿ ಒಂದೇ ಹಾರ್ಡ್‌ಡಿಸ್ಕನ್ನು ಎರಡು ಭಾಗ ಮಾಡಿ ಸಿ ಮತ್ತು ಡಿ ಎಂದು ಕೊಟ್ಟಿರುತ್ತಾರೆ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಡಿ ಡ್ರೈವಿನಿಂದ ಆಗುವ ಉಪಕಾರ ಒಂದೇ. ವಿಂಡೋಸ್ ಹಾಳಾಗಿ "ಫಾರ್ಮ್ಯಾಟ್ ಮಾಡಿ ಕೊಡಿ" ಎಂದು ಅಂಗಡಿಗೆ ಕೊಟ್ಟಾಗ ಸಿ ಮಾತ್ರ ಅಳಿಸಿ ಡಿ ಉಳಿಯುತ್ತದೆ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿಯಲ್ಲಿ. ಅಂಗಡಿಗೆ ಕೊಡುವ ಮೊದಲು ಈ ಮೂರನ್ನೂ ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ. ಕಂಪ್ಯೂಟರ್ ಆನ್ ಆಗದಿದ್ದರೆ "ಡೆಸ್ಕ್‌ಟಾಪಿನಲ್ಲಿ ಇಂತಿಂಥ ಫೋಲ್ಡರ್ ಇದೆ, ತೆಗೆದಿಟ್ಟು ಆಮೇಲೆ ಫಾರ್ಮ್ಯಾಟ್ ಮಾಡಿ" ಎಂದು ಚೀಟಿಯಲ್ಲಿ ಬರೆದು ಕೊಡಿ. ಬಾಯಿಮಾತು ಸಾಲದು.

ಎರಡನೆಯದು ಸಿಂಕ್. ಇಂಟರ್ನೆಟ್ಟಿನಲ್ಲಿ ಫೈಲು ಇಡುವ ಗೂಗಲ್ ಡ್ರೈವ್, ವನ್‌ಡ್ರೈವ್ ಇವುಗಳಿಗೆ ಫೋಲ್ಡರ್ ಜೋಡಿಸಿಟ್ಟರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಇಲ್ಲಿ ಹಾಳಾದದ್ದು ಅಲ್ಲೂ ಹಾಳಾಗುತ್ತದೆ. ಅಲ್ಲಿಯ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮಗು ಆಡುತ್ತಾ ಒಂದು ಫೋಲ್ಡರ್ ಅಳಿಸಿದ್ದು ನಿಮಗೆ ಗೊತ್ತಾಗುವುದು ಎರಡು ತಿಂಗಳ ನಂತರವೇ ಆಗಬಹುದು, ಅಲ್ವಾ? ಸಿಂಕ್ ಒಳ್ಳೆಯ ಸೌಕರ್ಯ. ಅದೊಂದನ್ನೇ ನಂಬಿ ಕೂರಬೇಡಿ ಅಷ್ಟೆ.

ಮೂರನೆಯದು, ಕಂಪ್ಯೂಟರಿಗೆ ಯಾವಾಗಲೂ ಸಿಕ್ಕಿಸಿಯೇ ಇಟ್ಟ ಹಾರ್ಡ್‌ಡಿಸ್ಕ್. ಸಿಡಿಲಿನ ಪೆಟ್ಟು ಕಂಪ್ಯೂಟರಿಗೆ ಬಂದರೆ ಯುಎಸ್‌ಬಿ ತಂತಿಯಲ್ಲಿ ಅದಕ್ಕೂ ಹೋಗಬಹುದು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ವೈರಸ್ ಬಂದರೂ ಹಾಗೆಯೇ, ಸಿಕ್ಕಿಸಿದ್ದ ಡಿಸ್ಕಿನ ಫೈಲಿಗೂ ಬೀಗ ಬೀಳುತ್ತದೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ನೆನಪಿದೆಯಾ? ಅದು ಕೇರಳಕ್ಕೂ ಬಂದಿತ್ತು. ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯತ್ ಕಚೇರಿಗಳ ಕಂಪ್ಯೂಟರುಗಳು ಸಿಕ್ಕಿಬಿದ್ದಿದ್ದವು. ಆ ವೈರಸ್ ಒಳಬರುವ ದಾರಿ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದ ಕಂಪ್ಯೂಟರುಗಳು ಸಿಕ್ಕಿಬಿದ್ದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದನ್ನೇ ಬಳಸುವವರಿಗೆ ಬ್ಯಾಕಪ್ ಇನ್ನಷ್ಟು ಬೇಗ ಬೇಕು.

ಮೂರು, ಎರಡು, ಒಂದು

ಬ್ಯಾಕಪ್ ಮಾಡುವವರೆಲ್ಲ ಹೇಳುವ ಒಂದು ಲೆಕ್ಕವಿದೆ. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಇದನ್ನು ಜನಪ್ರಿಯ ಮಾಡಿದವರು. ಒಟ್ಟು ಮೂರು ಪ್ರತಿ ಇರಬೇಕು. ಅವು ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗೆ ಇರಬೇಕು.

ಕಾಸರಗೋಡಿನ ಮನೆಗೆ ಇದನ್ನು ಹೊಂದಿಸಿದರೆ ಹೀಗಾಗುತ್ತದೆ. ಒಂದನೇ ಪ್ರತಿ ಕಂಪ್ಯೂಟರಿನಲ್ಲೇ. ಎರಡನೆಯದು ವಾರಕ್ಕೊಮ್ಮೆ ಸಿಕ್ಕಿಸಿ, ಕಿತ್ತು, ಕಪಾಟಿನಲ್ಲಿಡುವ ಡಿಸ್ಕಿನಲ್ಲಿ. ಮೂರನೆಯದು ಇಂಟರ್ನೆಟ್ಟಿನಲ್ಲಿ, ಇಲ್ಲವೇ ಪುತ್ತೂರಿನ ಅಕ್ಕನ ಮನೆಯಲ್ಲಿ. ನನ್ನ ಕೇಳಿದರೆ ಮೂರನೆಯದಕ್ಕೆ ಎರಡೂ ಇರಲಿ ಎನ್ನುತ್ತೇನೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ ಮೂಲ ಫೈಲು, ಬ್ಯಾಕಪ್ಪು ಎರಡನ್ನೂ ಅಲ್ಲೇ ಇಟ್ಟಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. ದೊಡ್ಡ ಕಂಪನಿಯಾದರೂ ಒಂದೇ ಜಾಗ ಒಂದೇ ಜಾಗವೇ.

ಡಿಸ್ಕ್ ಕೊಳ್ಳುವುದು, ಮಳೆಗಾಲದಲ್ಲಿ ಕಾಯುವುದು

ಹಾಳೆಯಲ್ಲಿ ಬರೆದ ಸಂಖ್ಯೆಯ ಎರಡರಿಂದ ಮೂರು ಪಟ್ಟು ದೊಡ್ಡ ಡಿಸ್ಕ್ ತನ್ನಿ. ಹೆಚ್ಚಿನ ಮನೆಗಳಿಗೆ 1 ಟಿಬಿಯ (ಸುಮಾರು ಸಾವಿರ ಜಿಬಿ) ಪೋರ್ಟಬಲ್ ಹಾರ್ಡ್‌ಡಿಸ್ಕ್ ಸಾಕು. ವಿಡಿಯೋ ಇದ್ದರೆ 2 ಟಿಬಿ. ತಿರುಗುವ ತಟ್ಟೆ ಇಲ್ಲದ ಎಸ್ಎಸ್‌ಡಿ ಎಂಬ ಡಿಸ್ಕಿಗೆ ವೇಗ ಜಾಸ್ತಿ, ಕೈತಪ್ಪಿ ಬಿದ್ದರೂ ತಡೆಯುತ್ತದೆ. ಆದರೆ ಕರೆಂಟಿಲ್ಲದೆ ವರ್ಷಗಟ್ಟಲೆ ಸುಮ್ನೆ ಇಟ್ಟರೆ ಅದರ ನೆನಪು ಮಾಸಬಹುದು. ಕಪಾಟಿನಲ್ಲಿಟ್ಟು ಮರೆಯುವ ಪ್ರತಿಗೆ ಹಾರ್ಡ್‌ಡಿಸ್ಕೇ ವಾಸಿ. ಪೆನ್‌ಡ್ರೈವ್ ಫೈಲು ಒಯ್ಯಲಿಕ್ಕೆ, ಕಾಪಿಡಲಿಕ್ಕಲ್ಲ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ "2 ಟಿಬಿ ಪೆನ್‌ಡ್ರೈವ್" ಕಂಡರೆ ಮುಟ್ಟಬೇಡಿ. ಅವು ಇಲ್ಲದ ಜಾಗವನ್ನು ಇದೆ ಎಂದು ತೋರಿಸುತ್ತವೆ. ಕಾಪಿ ಆಯಿತು ಎನ್ನುತ್ತದೆ, ತೆರೆದರೆ ಫೈಲು ಇರುವುದಿಲ್ಲ. ಸಂಶಯ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಬಹುದು.

2000ದ ದಶಕದಲ್ಲಿ ಸಿಡಿ-ಡಿವಿಡಿಗೆ ಬರೆಸಿಟ್ಟ ಮದುವೆ, ಗೃಹಪ್ರವೇಶ ಮನೆಯಲ್ಲಿ ಇದ್ದರೆ ಈ ವಾರವೇ ತೆಗೆದು ನೋಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ನಮ್ಮ ಜಿಲ್ಲೆಯ ತೇವಕ್ಕೆ ಅವುಗಳ ಮೇಲೆ ಬೂಸ್ಟು ಹಿಡಿಯುತ್ತದೆ. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒಳಗಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಉಜ್ಜಬೇಡಿ. ಒಂದು ಡ್ರೈವಿನಲ್ಲಿ ಓದದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಿ. ಕ್ಯಾಸೆಟ್ಟುಗಳಿದ್ದರೆ ಅವಕ್ಕೂ ಇದೇ ಅವಸರ.

ಡಿಸ್ಕನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣದ ಹರಳಿನದ್ದಾದರೆ ನೀಲಿ ಹೋಗಿ ಗುಲಾಬಿ ಆದಾಗ ಬದಲಿಸಿ. ಅಟ್ಟ, ಅಡುಗೆಮನೆ, ಹೊರಗೋಡೆಗೆ ತಾಗಿದ ಕಪಾಟು ಬೇಡ. ಯುಎಸ್‌ಬಿ ತುದಿಗೆ ಕಿಲುಬು ಹಿಡಿದಿದ್ದರೆ ತಂತಿ ಬದಲಿಸಿ. ಡಿಸ್ಕ್ ಕೆಟ್ಟಿದೆ ಎಂದು ಬಿಸಾಡುವ ಮೊದಲು ಬೇರೆ ತಂತಿಯಲ್ಲಿ ನೋಡಿ, ಎಷ್ಟೋ ಸಲ ತಪ್ಪು ತಂತಿಯದ್ದೇ.

ಸಿಡಿಲಿನ ಬಗ್ಗೆ ಇನ್ನೊಂದು ಮಾತು. ಸ್ಪೈಕ್ ಗಾರ್ಡು, ಯುಪಿಎಸ್ಸು ಸಣ್ಣ ಏರಿಳಿತವನ್ನು ತಡೆಯುತ್ತವೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅವೂ ಸೋಲುತ್ತವೆ. ಪೆಟ್ಟು ಬರುವುದು ಕರೆಂಟಿನ ತಂತಿಯಲ್ಲಿ ಮಾತ್ರವಲ್ಲ, ಹಳೆಯ ತಾಮ್ರದ ಟೆಲಿಫೋನ್ ತಂತಿ, ಟಿವಿ ಕೇಬಲ್, ಮೋಡೆಮ್ಮಿನಿಂದ ಬಂದ ನೆಟ್‌ವರ್ಕ್ ತಂತಿಯಲ್ಲೂ ಬರುತ್ತದೆ. ಫೈಬರ್ ಎಳೆ ವಿದ್ಯುತ್ ಒಯ್ಯುವುದಿಲ್ಲ ನಿಜ, ಆದರೆ ಫೈಬರ್ ಮೋಡೆಮ್ಮಿಗೂ ಕರೆಂಟಿನ ಅಡಾಪ್ಟರ್ ಇದೆ. ಹಾಗಾಗಿ ಎಲ್ಲ ತಂತಿಯನ್ನೂ ಕಳಚಬೇಕು, ಅದೂ ಗುಡುಗು ದೂರದಲ್ಲಿ ಇರುವಾಗಲೇ.

ವಿಂಡೋಸ್‌ನಲ್ಲಿ ಮಾಡುವ ಕ್ರಮ

ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಎಂಬ ಸೌಲಭ್ಯ ಉಚಿತವಾಗಿಯೇ ಇದೆ. ಇದರ ದೊಡ್ಡ ಗುಣವೆಂದರೆ ಫೈಲಿನ ಹಳೆಯ ರೂಪಗಳನ್ನೂ ಇಟ್ಟುಕೊಳ್ಳುತ್ತದೆ. ನಿನ್ನೆ ತಪ್ಪಿ ಬದಲಿಸಿ ಸೇವ್ ಮಾಡಿದ ಲೆಕ್ಕದ ಹಾಳೆಯ ಮೊನ್ನೆಯ ರೂಪ ಬೇಕೆಂದರೆ ಸಿಗುತ್ತದೆ.

1. ಹೊಸ ಡಿಸ್ಕ್ ಸಿಕ್ಕಿಸಿ. ಅದರ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಎಂದಿದೆಯೇ ನೋಡಿ. ಬೇರೆ ಇದ್ದರೆ, ಡಿಸ್ಕ್ ಖಾಲಿ ಇರುವಾಗಲೇ, ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲು ಅದರಲ್ಲಿ ಹಿಡಿಯುವುದೇ ಇಲ್ಲ.

2. ಸ್ಟಾರ್ಟ್ ಒತ್ತಿ "ಕಂಟ್ರೋಲ್ ಪ್ಯಾನೆಲ್" ಎಂದು ಹುಡುಕಿ ತೆರೆಯಿರಿ. "ಸಿಸ್ಟಮ್ ಆಂಡ್ ಸೆಕ್ಯುರಿಟಿ" ಒಳಗೆ "ಫೈಲ್ ಹಿಸ್ಟರಿ" ಇದೆ. ಡಿಸ್ಕಿನ ಹೆಸರು ಕಾಣುತ್ತದೆ. "ಟರ್ನ್ ಆನ್" ಒತ್ತಿ.

3. ಎಡಗಡೆಯ "ಅಡ್ವಾನ್ಸ್ಡ್ ಸೆಟ್ಟಿಂಗ್ಸ್" ನೋಡಿ. ಗಂಟೆಗೊಮ್ಮೆ ಕಾಪಿ, ಹಳೆಯ ರೂಪಗಳನ್ನು ಶಾಶ್ವತವಾಗಿ ಇಡು ಎಂದು ಇರುತ್ತದೆ. ಹಾಗೇ ಬಿಡಿ. ಡಿಸ್ಕ್ ಸಿಕ್ಕಿಸಿದಾಗ ಮಾತ್ರ ಅದು ಕೆಲಸ ಮಾಡುತ್ತದೆ, ಚಿಂತೆಯಿಲ್ಲ.

4. ಫೈಲ್ ಹಿಸ್ಟರಿ ನೋಡಿಕೊಳ್ಳುವುದು ಡೆಸ್ಕ್‌ಟಾಪ್ ಮತ್ತು ಲೈಬ್ರರಿಗಳನ್ನು, ಅಂದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್. ಡಿ ಡ್ರೈವಿನಲ್ಲಿರುವ "ಮನೆ" ಫೋಲ್ಡರ್ ಅದರ ಕಣ್ಣಿಗೆ ಬೀಳುವುದಿಲ್ಲ. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, ವಿಂಡೋಸ್ 11 ಆದರೆ "ಶೋ ಮೋರ್ ಆಪ್ಷನ್ಸ್" ಒಳಗೆ ಹೋಗಿ, "ಇನ್‌ಕ್ಲೂಡ್ ಇನ್ ಲೈಬ್ರರಿ" ಆರಿಸಿ ಡಾಕ್ಯುಮೆಂಟ್ಸ್‌ಗೆ ಸೇರಿಸಿ. ಈ ಒಂದು ಹೆಜ್ಜೆ ಬಿಟ್ಟವರ ಡಿಸ್ಕಿನಲ್ಲಿ ಬೇಕಾದದ್ದು ಒಂದೂ ಇರುವುದಿಲ್ಲ.

5. "ರನ್ ನೌ" ಒತ್ತಿ. ಮೊದಲ ಸಲ ಗಂಟೆಗಟ್ಟಲೆ ಹಿಡಿಯಬಹುದು. ಮುಂದಿನ ಸಲ ಬದಲಾದದ್ದು ಮಾತ್ರ ಹೋಗುವುದರಿಂದ ಬೇಗ ಮುಗಿಯುತ್ತದೆ.

6. ಮುಗಿದ ಮೇಲೆ ಕೆಳಗಿನ ಮೂಲೆಯ ಯುಎಸ್‌ಬಿ ಚಿತ್ರ ಒತ್ತಿ "ಇಜೆಕ್ಟ್" ಮಾಡಿ, ಆಮೇಲೆ ಕಿತ್ತು ಡಬ್ಬಕ್ಕೆ ಹಾಕಿ.

ಹಳೆಯ ರೂಪಗಳು ಬೇಡ, ಫೋಲ್ಡರಿನ ಯಥಾಪ್ರತಿ ಕಣ್ಣೆದುರು ಕಂಡರೆ ಸಾಕು ಎನ್ನುವವರು ಫ್ರೀಫೈಲ್‌ಸಿಂಕ್ ಎಂಬ ತಂತ್ರಾಂಶ ಬಳಸಬಹುದು. ಅದರಲ್ಲಿ "ಮಿರರ್" ಬದಲು "ಅಪ್‌ಡೇಟ್" ಆರಿಸಿ. ಮಿರರ್‌ನಲ್ಲಿ ಕಂಪ್ಯೂಟರಿನಲ್ಲಿ ಅಳಿಸಿದ್ದು ಡಿಸ್ಕಿನಲ್ಲೂ ಅಳಿಯುತ್ತದೆ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಡಿಕೆ ವ್ಯಾಪಾರಸ್ಥರು, ಅಂಗಡಿಯವರು ಟ್ಯಾಲಿಯ ಒಳಗೇ ಇರುವ ಬ್ಯಾಕಪ್ ಬಳಸಿ, ಆ ಫೈಲನ್ನು "ಮನೆ" ಫೋಲ್ಡರಿಗೆ ಹಾಕಿ. ಟ್ಯಾಲಿ ತೆರೆದಿರುವಾಗ ಅದರ ಫೋಲ್ಡರನ್ನು ಹಾಗೇ ಕಾಪಿ ಮಾಡಿದರೆ ಅರ್ಧಂಬರ್ಧ ಬರುವ ಅಪಾಯವಿದೆ.

ಶಾಲೆಯ ಲ್ಯಾಪ್‌ಟಾಪು

ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲು ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲಿನಕ್ಸ್ ಇರುವುದರಿಂದ ನಮ್ಮ ಕನ್ನಡ ಮಾಧ್ಯಮದ ಟೀಚರುಗಳಿಗೆ, ಮಾಷ್ಟ್ರುಗಳಿಗೆ ಮೇಲಿನ ಕ್ರಮ ಆಗುವುದಿಲ್ಲ. ಅಲ್ಲಿ ಮೆನುವಿನಲ್ಲಿ "ಬ್ಯಾಕಪ್ಸ್" ಎಂದು ಹುಡುಕಿ. ಇಲ್ಲದಿದ್ದರೆ ಡೇಜಾ ಡೂಪ್ ಎಂಬ ಹೆಸರಿನಲ್ಲಿ ಹಾಕಿಕೊಳ್ಳಬಹುದು. ಯಾವುದನ್ನು ಉಳಿಸಬೇಕು ಎಂಬಲ್ಲಿ "ಹೋಮ್", ಯಾವುದು ಬೇಡ ಎಂಬಲ್ಲಿ "ಡೌನ್‌ಲೋಡ್ಸ್" ಮತ್ತು "ಟ್ರ್ಯಾಶ್", ಜಾಗ ಎಂಬಲ್ಲಿ ಹೊರಗಿನ ಡಿಸ್ಕ್, ಅವಧಿ ವಾರಕ್ಕೊಮ್ಮೆ. ಅದು ಪಾಸ್‌ವರ್ಡ್ ಕೇಳುತ್ತದೆ. ಮರೆತರೆ ಬ್ಯಾಕಪ್ ತೆರೆಯಲು ಬೇರೆ ದಾರಿಯೇ ಇಲ್ಲ. ಕನ್ನಡದಲ್ಲಿ ನೀವೇ ತಯಾರಿಸಿದ ಪಾಠದ ಸ್ಲೈಡು, ವರ್ಕ್‌ಶೀಟು, ಪ್ರಶ್ನೆಪತ್ರಿಕೆಗಳು ಎಷ್ಟು ಕೂತು ಮಾಡಿದ್ದು ಎಂದು ನಿಮಗೇ ಗೊತ್ತು. ಲ್ಯಾಪ್‌ಟಾಪು ಶಾಲೆಯದ್ದು. ವರ್ಗವಾದಾಗ ಅಲ್ಲೇ ಬಿಟ್ಟುಹೋಗಬೇಕು. ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ಮ್ಯಾಕ್ ಇರುವವರಿಗೆ ಟೈಮ್ ಮಷೀನ್ ಇದೆ. ಡಿಸ್ಕ್ ಸಿಕ್ಕಿಸಿ ಆನ್ ಮಾಡಿದರೆ ಮುಗಿಯಿತು.

ನುಡಿ, ಬರಹ, ಪೇಜ್‌ಮೇಕರ್: ಫೈಲು ಉಳಿದು ಅಕ್ಷರ ಹೋದರೆ?

ಇದು ಕನ್ನಡದವರ ಪಾಡು. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ.

ಹದಿನೈದು ಇಪ್ಪತ್ತು ವರ್ಷದ ಹಿಂದೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಫೈಲುಗಳು ಬಹುತೇಕ ಯೂನಿಕೋಡ್ ಅಲ್ಲ, ಅಂದರೆ ಯಾವ ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಈಗಿನ ರೂಪದಲ್ಲಿ ಇಲ್ಲ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಆ ಫಾಂಟ್ ಇದ್ದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಅಂಥ ಫೈಲನ್ನು ಭದ್ರವಾಗಿ ಕಾಪಿಟ್ಟು, ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸ್ಮರಣ ಸಂಚಿಕೆಯ ಮುನ್ನುಡಿ ಇರಬೇಕಾದಲ್ಲಿ ಇಂಗ್ಲಿಷ್ "ಎ" ಅಕ್ಷರದ ಮೇಲೊಂದು ಕೊಂಬು, "ಓ" ಅಕ್ಷರದ ಮೇಲೆರಡು ಚುಕ್ಕಿ, ನಡುವೆ ಪೌಂಡು ಚಿಹ್ನೆ, ಅರ್ಧದ (½) ಗುರುತು ಸಾಲುಸಾಲಾಗಿ ನಿಂತಿರುತ್ತವೆ. ಫೈಲು ಕೆಟ್ಟಿದೆ ಎಂದು ಅಳಿಸುವವರೂ ಇದ್ದಾರೆ. ಅಳಿಸಬೇಡಿ, ಏನೂ ಕೆಟ್ಟಿಲ್ಲ. ಫಾಂಟ್ ಇಲ್ಲ ಅಷ್ಟೆ.

ಅದಕ್ಕೆ ನಾಲ್ಕು ಕೆಲಸ ಮಾಡಿ. ಫೈಲು ಬರೆದ ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಅದರ ವಿಂಡೋಸ್ ಫೋಲ್ಡರಿನ ಒಳಗಿನ "ಫಾಂಟ್ಸ್" ತೆರೆದು ನುಡಿ, ಬರಹ, ಬೇರೆ ಕನ್ನಡ ಫಾಂಟುಗಳನ್ನೆಲ್ಲ "ಮನೆ" ಫೋಲ್ಡರಿನಲ್ಲಿ "ಫಾಂಟು" ಎಂಬ ಜಾಗಕ್ಕೆ ಕಾಪಿ ಮಾಡಿ. ನುಡಿ, ಬರಹ ತಂತ್ರಾಂಶದ ಇನ್‌ಸ್ಟಾಲ್ ಫೈಲನ್ನೂ ಜೊತೆಗಿಡಿ. ನಂತರ ಪ್ರತಿಯೊಂದು ಮುಖ್ಯ ಫೈಲನ್ನೂ ತೆರೆದು ಪಿಡಿಎಫ್ ಆಗಿ ಸೇವ್ ಮಾಡಿ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಳ್ಳುವುದರಿಂದ ಯಾವ ಕಂಪ್ಯೂಟರಿನಲ್ಲೂ ಓದಬಹುದು. ಮೂರನೆಯದಾಗಿ ಯೂನಿಕೋಡ್‌ಗೆ ಬದಲಿಸಿ. ಬದಲಿಸಿ ಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ತಪ್ಪಬಹುದು. ಒಮ್ಮೆ ಓದಿ ತಿದ್ದಬೇಕು. ಹೀಗೆ ಬದಲಿಸಿದ ಮೇಲೆ ಫೈಲಿನೊಳಗೆ ಹೆಸರು ಹಾಕಿ ಹುಡುಕಲಿಕ್ಕೂ ಆಗುತ್ತದೆ. ವಂಶವೃಕ್ಷ, ಸದಸ್ಯರ ಪಟ್ಟಿಗಳಿಗೆ ಇದು ಬಹಳ ಉಪಯೋಗ. ಕೊನೆಯದಾಗಿ, ಮೂಲ ಫೈಲನ್ನು ಎಸೆಯಬೇಡಿ.

ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರಿನಲ್ಲಿ ಮಾಡಿದ ಸಂಚಿಕೆಗಳಿಗೆ ಇನ್ನೂ ಅವಸರ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದನ್ನು ತೆರೆಯಬಲ್ಲ ಕಂಪ್ಯೂಟರ್ ಊರಿನ ಪ್ರೆಸ್ಸಿನಲ್ಲಿ ಇನ್ನೂ ಇರಬಹುದು. ಇರುವಾಗಲೇ ಹೋಗಿ ಪಿಡಿಎಫ್ ಮಾಡಿಸಿಕೊಳ್ಳಿ. ಚಿತ್ರಗಳು ಬೇರೆ ಫೋಲ್ಡರಿನಲ್ಲಿರುತ್ತವೆ, ಅದನ್ನೂ ಕೇಳಿ ತನ್ನಿ.

ಇಂಟರ್ನೆಟ್ಟಿನ ಪ್ರತಿ

ಗೂಗಲ್ ಖಾತೆಗೆ 15 ಜಿಬಿ ಉಚಿತ. ಅದರಲ್ಲಿ ಜಿಮೇಲ್, ಫೋಟೋಸ್, ಡ್ರೈವ್ ಮೂರೂ ಪಾಲು. ವನ್‌ಡ್ರೈವ್ 5 ಜಿಬಿ ಕೊಡುತ್ತದೆ. ವಿಂಡೋಸ್ 11ರಲ್ಲಿ "ಬ್ಯಾಕಪ್ ಮಾಡಿ" ಎಂದು ಆಗಾಗ ಕೇಳುವುದು ಈ ವನ್‌ಡ್ರೈವಿಗೇ. 5 ಜಿಬಿ ತುಂಬಿದ ಮೇಲೆ ಅದು ನಿಂತುಬಿಡುತ್ತದೆ.

ಉಚಿತ ಜಾಗದಲ್ಲಿ ಎಲ್ಲವನ್ನೂ ತುರುಕಲು ಹೋಗಬೇಡಿ. ಕಾಗದಪತ್ರ, ಲೆಕ್ಕ, ಬರಹ ಹಾಕಿದರೆ ಒಂದೆರಡು ಜಿಬಿ ಆದೀತು. ಅಷ್ಟು ಮೊದಲು ಹೋಗಲಿ. ಫೋಟೋ, ಧ್ವನಿ ಎಲ್ಲ ಬೇಕೆಂದರೆ ದುಡ್ಡು ಕೊಟ್ಟು 100 ಜಿಬಿ ತೆಗೆದುಕೊಳ್ಳುವುದು ಒಳ್ಳೆಯದು. 20 ಎಂಬಿಪಿಎಸ್ ಅಪ್‌ಲೋಡ್ ವೇಗವಿದ್ದರೆ 100 ಜಿಬಿ ಏರಲು ಲೆಕ್ಕದ ಪ್ರಕಾರವೇ 11 ಗಂಟೆ ಬೇಕು. ಮಳೆಯಿಲ್ಲದ ರಾತ್ರಿ ಹಾಕಿ ಮಲಗಿ. ಫೋಲ್ಡರ್ ಜೋಡಿಸುವ ಬದಲು ಬ್ರೌಸರಿನಲ್ಲಿ ಡ್ರೈವ್ ತೆರೆದು ನೇರ ಅಪ್‌ಲೋಡ್ ಮಾಡಿದರೆ ಇಲ್ಲಿ ಅಳಿಸಿದ್ದು ಅಲ್ಲಿ ಅಳಿಯುವ ಭಯವಿಲ್ಲ.

ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ತೀರಿಕೊಂಡ ಹಿರಿಯರ ಖಾತೆಯಲ್ಲಿ ಫೋಟೋಗಳಿದ್ದರೆ, ಮನೆಯವರಿಗೆ ಅದು ತೆರೆಯಲು ಆಗುತ್ತಿರುವಾಗಲೇ ಇಳಿಸಿಕೊಳ್ಳಿ. ಗೂಗಲ್ ಟೇಕ್‌ಔಟ್‌ನಲ್ಲಿ ಇಡೀ ಖಾತೆಯನ್ನು ಒಟ್ಟಿಗೆ ಇಳಿಸಬಹುದು. ನಿಮ್ಮ ಖಾತೆಗೆ ಎರಡು ಹಂತದ ಪರಿಶೀಲನೆ ಇದ್ದರೆ ಬ್ಯಾಕಪ್ ಕೋಡುಗಳನ್ನು ಪ್ರಿಂಟ್ ತೆಗೆದು ರೇಷನ್ ಕಾರ್ಡಿನ ಜೊತೆ ಇಡಿ. ಫೋನೂ ಸಿಮ್ಮೂ ಒಟ್ಟಿಗೆ ಕಳೆದಾಗ ಒಳಗೆ ಹೋಗಲು ಅದೇ ಗತಿ.

ಇನ್ನು ಫೋನಿನ ವಿಷಯ. ವಾಟ್ಸಾಪಿನಲ್ಲಿ ಬಂದ ಫೋಟೋ ಕುಗ್ಗಿದ ಫೋಟೋ. ಪೂಜೆಯದ್ದೋ ಮದುವೆಯದ್ದೋ ಒಳ್ಳೆಯ ಫೋಟೋ ಬೇಕಾದರೆ ತೆಗೆದವರ ಹತ್ತಿರ "ಡಾಕ್ಯುಮೆಂಟ್ ಮಾಡಿ ಕಳಿಸಿ" ಎನ್ನಿ. ತಿಂಗಳಿಗೊಮ್ಮೆ ಫೋನನ್ನು ತಂತಿಯಲ್ಲಿ ಜೋಡಿಸಿ, ಕ್ಯಾಮೆರಾದ ಫೋಟೋಗಳಿರುವ "ಡಿಸಿಐಎಂ" ಫೋಲ್ಡರನ್ನು "ಮನೆ" ಒಳಗೆ ಕಾಪಿ ಮಾಡಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ಪೂ ಈಗ ಅದೇ 15 ಜಿಬಿಯಲ್ಲಿ ಪಾಲು ಕೇಳುತ್ತದೆ. ಗುಂಪುಗಳ ಶುಭೋದಯದ ವಿಡಿಯೋಗಳನ್ನು ಮೊದಲು ಅಳಿಸಿ.

ಊರಾಚೆಯ ಡಿಸ್ಕು

ಎರಡನೇ ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿ ಮಂಗಳೂರಲ್ಲೋ ಬೆಂಗಳೂರಲ್ಲೋ ಇರುವ ಮನೆಯವರ ಹತ್ತಿರ ಇಡಿ. ಅವರು ಹಬ್ಬಕ್ಕೆ ಬರುವಾಗ ತರಲಿ, ಹೊಸತನ್ನು ಸೇರಿಸಿ ವಾಪಸ್ ಕಳಿಸಿ. ಅವರ ಡಿಸ್ಕನ್ನು ನೀವು ಇಟ್ಟುಕೊಳ್ಳಿ, ಇಬ್ಬರಿಗೂ ಆಯಿತು. ಜಾಗದ ರೆಕಾರ್ಡು, ಬ್ಯಾಂಕಿನ ಕಾಗದ ಇರುವ ಡಿಸ್ಕ್ ಬಸ್ಸಿನಲ್ಲಿ ಹೋಗುವುದಾದರೆ ವೆರಾಕ್ರಿಪ್ಟ್ ಎಂಬ ತಂತ್ರಾಂಶದಲ್ಲಿ ಪಾಸ್‌ವರ್ಡಿನ ಬೀಗ ಹಾಕಿ. ಪಾಸ್‌ವರ್ಡನ್ನು ಮನೆಯ ಇನ್ನೊಬ್ಬರಿಗೂ ಗೊತ್ತಿರುವ ನೋಟುಪುಸ್ತಕದಲ್ಲಿ ಬರೆಯಿರಿ. ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ತಾನಾಗಿಯೇ ಡಿಸ್ಕಿಗೆ ಬೀಗ ಹಾಕಿರುವುದುಂಟು. ಅದರ ಬಿಟ್‌ಲಾಕರ್ ರಿಕವರಿ ಕೀ 48 ಅಂಕಿಯದ್ದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಡಿ, ಅದೇ ಪುಸ್ತಕದಲ್ಲಿ ಬರೆದಿಡಿ.

ತೆರೆದು ನೋಡದ ಬ್ಯಾಕಪ್

ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ಕೈಯಿಂದ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಅವರಲ್ಲಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಿದ್ದವು. ನೋಡಿದರೆ ಅವು ನಂಬುವ ಹಾಗೆ ಇರಲಿಲ್ಲ. ಆರು ಗಂಟೆ ಹಿಂದೆ ಒಬ್ಬರು ಬೇರೆ ಕೆಲಸಕ್ಕೆ ತೆಗೆದಿಟ್ಟ ಪ್ರತಿಯೊಂದು ಇದ್ದದ್ದರಿಂದ ಉಳಿದುಕೊಂಡರು. ಅವರು ಇದನ್ನೆಲ್ಲ ಮುಚ್ಚಿಡದೆ ಎಲ್ಲರಿಗೂ ಹೇಳಿದ್ದು ದೊಡ್ಡ ಉಪಕಾರ.

ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿ. ವಿಷುವಿನ ಹೊತ್ತಿಗೆ ಒಮ್ಮೆ, ಏಕೆಂದರೆ ಆಮೇಲೆ ಗುಡುಗು ಶುರು. ಮಾರ್ಚ್ 31 ವಿಶ್ವ ಬ್ಯಾಕಪ್ ದಿನ, ಲೆಕ್ಕದ ವರ್ಷ ಮುಗಿಯುವುದೂ ಅಂದೇ. ವ್ಯಾಪಾರಿಗಳಿಗೆ ಆ ದಿನವೇ ಅನುಕೂಲ. ಇನ್ನೊಮ್ಮೆ ಆಯುಧ ಪೂಜೆಗೆ. ಅಂದು ಕಂಪ್ಯೂಟರ್ ಒರೆಸಿ ಕುಂಕುಮ ಹಚ್ಚುತ್ತೇವಲ್ಲ, ಡಿಸ್ಕನ್ನೂ ಹೊರಗೆ ತೆಗೆಯಿರಿ. ತುಲಾ ಮಳೆಯ ಸಿಡಿಲಿಗೆ ಮೊದಲೇ ಆಗಿರುತ್ತದೆ.

ಪರೀಕ್ಷೆ ಎಂದರೆ ಹೆಸರು ಕಾಣುತ್ತದಾ ಎಂದು ನೋಡುವುದಲ್ಲ. ಫೈಲ್ ಹಿಸ್ಟರಿಯಲ್ಲಿ "ರಿಸ್ಟೋರ್ ಪರ್ಸನಲ್ ಫೈಲ್ಸ್" ತೆರೆದು, ಒಂದು ಹಳೆಯ ಫೋಟೋ, ಒಂದು ಧ್ವನಿ, ಒಂದು ಲೆಕ್ಕದ ಹಾಳೆ, ಒಂದು ಕನ್ನಡ ಬರಹ ಆರಿಸಿ. ಬಲಗುಂಡಿ ಒತ್ತಿ "ರಿಸ್ಟೋರ್ ಟು" ಮೂಲಕ ಬೇರೆ ಫೋಲ್ಡರಿಗೆ ಇಳಿಸಿ. ಹಸಿರು ಗುಂಡಿ ಒತ್ತಿದರೆ ಮೂಲ ಜಾಗಕ್ಕೇ ಹೋಗುತ್ತದೆ, ಪರೀಕ್ಷೆಗೆ ಅದು ಬೇಡ. ಇಳಿಸಿದ್ದನ್ನು ತೆರೆಯಿರಿ. ಧ್ವನಿಯನ್ನು ನಡುವಿನಲ್ಲಿ, ಕೊನೆಯಲ್ಲಿ ಕೇಳಿ. ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿ ಮಾಡಿ. ಹಾರ್ಡ್‌ಡಿಸ್ಕ್ ಐದು ವರ್ಷ ದಾಟಿದ್ದರೆ ಚೆನ್ನಾಗಿಯೇ ಇದ್ದರೂ ಹೊಸತಕ್ಕೆ ಕಾಪಿ ಮಾಡಿ, ಹಳೆಯದನ್ನು ಹೆಚ್ಚುವರಿಯಾಗಿ ಇಡಿ.

ಬ್ಯಾಕಪ್ ಇಲ್ಲದೆ ಹೋದರೆ

ಇದನ್ನು ಓದುವ ಹೊತ್ತಿಗೇ ಕೆಲವರದ್ದು ಹೋಗಿರಬಹುದು. ಫೈಲು ಅಳಿಸಿಹೋಗಿದ್ದರೆ ಕಂಪ್ಯೂಟರ್ ಬಳಕೆ ಆ ಕ್ಷಣವೇ ನಿಲ್ಲಿಸಿ. ಅಳಿಸಿದ ಜಾಗದ ಮೇಲೆ ಹೊಸತು ಬರೆದರೆ ಹಳೆಯದು ಸಿಗುವುದಿಲ್ಲ. ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕಿಗೆ ಹಾಕಿಕೊಳ್ಳುವುದೂ ತಪ್ಪು. ಹಾರ್ಡ್‌ಡಿಸ್ಕಾದರೆ ಆಸೆ ಇದೆ. ಎಸ್ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡುವುದರಿಂದ ಅವಕಾಶ ತೀರಾ ಕಡಿಮೆ.

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಪ್ರತಿ ಸಲವೂ ಒಳಗಿನ ತಟ್ಟೆಗೆ ಗೀರು ಬೀಳಬಹುದು. ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತನ್ನು ನಂಬಬೇಡಿ, ತೇವ ಒಳಗೆ ಹೋಗುತ್ತದೆ. ಸಿಡಿಲಿಗೆ ಕಂಪ್ಯೂಟರ್ ಸುಟ್ಟಿದ್ದರೂ ಗುಜರಿಗೆ ಹಾಕುವ ಮೊದಲು ಡಿಸ್ಕ್ ಬಿಚ್ಚಿಸಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡಿ. ಪವರ್ ಸಪ್ಲೈ, ಮದರ್‌ಬೋರ್ಡ್ ಹೋಗಿ ಡಿಸ್ಕ್ ಉಳಿದಿರುವುದುಂಟು. ರಿಕವರಿ ಲ್ಯಾಬಿಗೆ ಕೊಡುವುದಾದರೆ ಫೈಲು ಸಿಗದಿದ್ದರೆ ಎಷ್ಟು, ಸಿಕ್ಕರೆ ಎಷ್ಟು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಮರಳಿ ಬಂದ ಫೈಲನ್ನು ನೀವೇ ಕೊಂಡೊಯ್ದ ಹೊಸ ಡಿಸ್ಕಿಗೆ ಹಾಕಿಸಿ. ಅಲ್ಲಿ ಕೂತೇ ನಾಲ್ಕು ಫೈಲು ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ.